ರೂಪವನ್ನು ಗೆದ್ದ ನಟಿ

ಚಲಚ್ಚಿತ್ರದ ನಟಿ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದೇನು? ಒಂದು ಚೆಲುವಾದ ಮುಖ, ಹೊಳೆಯುವ ಕಣ್ಣು, ಮೋಹಕವಾದ ನಗೆ. ಇದರಲ್ಲಿ ನೋಡುವವರ ತಪ್ಪೇನೂ ಇಲ್ಲ. ನಮ್ಮ ಲಾಕ್ಷಣಿಕರು ಕೂಡ ನಾಯಿಕೆಯ ಮಾತು ಬಂದಾಗ ರೂಪಯೌವನಗಳನ್ನು ಮುಂದಿಟ್ಟುಕೊಂಡೇ ವರ್ಣಿಸಿದ್ದಾರೆ. ಆದರೆ ಓದುಗರೇ, ರೂಪವೆಂಬ ಆ ಮೊದಲ ಮೆಟ್ಟಿಲೇ ಇಲ್ಲದೆ ಏಣಿಯ ತುದಿಗೇರಿದವರೂ ಉಂಟು. ಅಂಥವರಲ್ಲೊಬ್ಬಳ ಕಥೆಯನ್ನು ಈ ಪುಟಗಳಲ್ಲಿ ತಮ್ಮ ಮುಂದಿಡಬೇಕೆಂದಿದ್ದೇನೆ. ಆಕೆಯ ಹೆಸರು ಜೂಡಿತ್ ಆಂಡರ್ಸನ್, ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಬೆಳಗಿದ್ದು ಅಮೆರಿಕದ ರಂಗಭೂಮಿಯಲ್ಲಿ.

1940ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ತೆಗೆದ 'ರೆಬೆಕ' ಎಂಬ ಚಿತ್ರವನ್ನು ತಮ್ಮಲ್ಲಿ ಕೆಲವರಾದರೂ ನೋಡಿರಬಹುದು. ದೊಡ್ಡ ಬಂಗಲೆಯ ಯಜಮಾನನನ್ನು ಮದುವೆಯಾಗಿ ಒಬ್ಬ ಎಳೆಯ ಹೆಂಗಸು ಬರುತ್ತಾಳೆ. ಆ ಮನೆಯ ಹಿಂದಿನ ಒಡತಿ ರೆಬೆಕ ಸತ್ತುಹೋಗಿದ್ದಾಳೆ. ಆದರೆ ಆಕೆಯ ಮೇಲಿನ ಮಮತೆ ಮನೆವಾರ್ತೆಯವಳಾದ ಮಿಸೆಸ್ ಡ್ಯಾನ್‌ವರ್ಸಳ ಎದೆಯಲ್ಲಿ ಸತ್ತಿಲ್ಲ. ಕಪ್ಪು ಉಡುಪು, ಬಿಗಿದು ಕಟ್ಟಿದ ಕೂದಲು, ಕೈಮೇಲೆ ಕೈ ಕಟ್ಟಿ ನಿಂತ ನಿಲುವು. ಈಕೆ ನಡೆದುಬರುವುದನ್ನು ಹಿಚ್‌ಕಾಕ್ ಹೆಚ್ಚುಕಡಿಮೆ ತೋರಿಸುವುದೇ ಇಲ್ಲ. ಹೊಸ ಹೆಂಡತಿ ತಿರುಗಿ ನೋಡಿದರೆ ಡ್ಯಾನ್‌ವರ್ಸ್ ಅಲ್ಲಿ ನಿಂತೇ ಇರುತ್ತಾಳೆ. ಕೂಗಿಲ್ಲ, ಕೋಪವಿಲ್ಲ, ಹಲ್ಲು ಕಡಿಯುವುದಿಲ್ಲ. ಸತ್ತ ಒಡತಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮೆಲ್ಲನೆ ಸವರಿ ತೋರಿಸುತ್ತಾಳೆ, ಅಷ್ಟೆ. ನೋಡುವವರ ಮೈ ತಣ್ಣಗಾಗುತ್ತದೆ. ಭಯಾನಕ ರಸಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯ ಬೇಕಾಗಿಲ್ಲ. ಡ್ಯಾನ್‌ವರ್ಸಳ ಆ ಪಾತ್ರವನ್ನು ಕಟ್ಟಿದವಳೇ ನಮ್ಮ ಜೂಡಿತ್.

ಹೀಗೆ ನಿಶ್ಚಲವಾಗಿ ನಿಂತು ನೋಡುವವರನ್ನು ನಡುಗಿಸುವ ಶಕ್ತಿ ಆಕೆಗೆ ಎಲ್ಲಿಂದ ಬಂತು? ಅದನ್ನು ತಿಳಿಯಬೇಕಾದರೆ ಇಪ್ಪತ್ತೈದು ವರ್ಷ ಹಿಂದಕ್ಕೂ, ಸಾವಿರಾರು ಮೈಲಿ ತೆಂಕಣಕ್ಕೂ ಹೋಗಬೇಕು.

ದಕ್ಷಿಣ ಆಸ್ಟ್ರೇಲಿಯದ ರಾಜಧಾನಿಯಾದ ಅಡಿಲೇಡ್ ನಗರದಲ್ಲಿ, 1897ನೆಯ ಇಸವಿ ಫೆಬ್ರವರಿ 10ರಂದು ಆಕೆ ಹುಟ್ಟಿದಳು. ತಾಯಿತಂದೆ ಇಟ್ಟ ಹೆಸರು ಫ್ರಾನ್ಸಿಸ್ ಮಾರ್ಗರೆಟ್. ಮನೆತನದ ಹೆಸರಿನಲ್ಲೇ ಒಂದು ವಿಚಿತ್ರವಿತ್ತು: ಆಂಡರ್ಸನ್-ಆಂಡರ್ಸನ್ ಎಂದು ಎರಡು ಸಲ ಹೇಳಬೇಕು. ತಂದೆ ಸ್ಕಾಟ್ಲೆಂಡಿನಿಂದ ಬಂದವನು. ಷೇರು ವ್ಯಾಪಾರ, ಗಣಿಗಳ ಶೋಧ ಇವುಗಳಲ್ಲಿ ಕೈಹಾಕಿದವನು. ತಾಯಿ ಜೆಸ್ಸಿ ಮೊದಲು ದಾದಿಯಾಗಿದ್ದವಳು. ನಾಲ್ವರು ಮಕ್ಕಳಲ್ಲಿ ಈಕೆಯೇ ಕೊನೆಯವಳು. ತಂದೆಯ ಆಸರೆ ಬಹುಕಾಲ ಉಳಿಯಲಿಲ್ಲ. ತಾಯಿ ಅಂಗಡಿಯಿಟ್ಟು ಮಕ್ಕಳನ್ನು ಸಾಕಿದಳು. ಮಗಳ ಶಾಲೆಯ ಓದು ನಡುವಿನಲ್ಲೇ ನಿಂತಿತು.

ಆದರೆ ಒಂದು ವಿದ್ಯೆ ನಿಲ್ಲಲಿಲ್ಲ. ಅಡಿಲೇಡಿನಲ್ಲಿ ಲಾರೆನ್ಸ್ ಕ್ಯಾಂಪ್‌ಬೆಲ್ ಎಂಬ ವಾಚನಕಲೆಯ ಉಪಾಧ್ಯಾಯನಿದ್ದ. ಉಸಿರನ್ನು ಹೇಗೆ ಹಿಡಿಯಬೇಕು, ಅಕ್ಷರವನ್ನು ಹೇಗೆ ಬಿಡಿಸಿ ಉಚ್ಚರಿಸಬೇಕು, ಪದ್ಯವನ್ನು ಅರ್ಥ ಕೆಡದಂತೆ ಹೇಗೆ ಎತ್ತಿ ಇಳಿಸಬೇಕು ಎಂಬುದನ್ನು ಹೇಳಿಕೊಡುವ ವಿದ್ಯೆ ಅದು. ನಮ್ಮಲ್ಲಿ ಗಮಕಿಗಳು ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡು ಭಾರತ ವಾಚನ ಕಲಿಸುತ್ತಿದ್ದ ರೀತಿಯನ್ನು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಹುಡುಗಿಯ ಕೈಯಲ್ಲಿ ಹಣವಿರಲಿಲ್ಲ. ಕಂಠದಲ್ಲಿ ಬಂಡವಾಳ ಕೂಡುತ್ತಿತ್ತು.

1915ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸಿಡ್ನಿಯ ಥಿಯೇಟರ್ ರಾಯಲ್‌ನಲ್ಲಿ 'ಎ ರಾಯಲ್ ಡೈವೋರ್ಸ್' ಎಂಬ ನಾಟಕದಲ್ಲಿ ಸಣ್ಣದೊಂದು ಪಾತ್ರದಿಂದ ಆಕೆ ವೃತ್ತಿರಂಗಕ್ಕೆ ಕಾಲಿಟ್ಟಳು. ಆಗ ಆಕೆಯ ರಂಗನಾಮ ಫ್ರಾನ್ಸೀ ಆಂಡರ್ಸನ್. ಆ ಮಂಡಲಿಯ ನಾಯಕನಟ ಜೂಲಿಯಸ್ ನೈಟ್. ತನ್ನ ನಟನೆಗೆ ಅಡಿಗಲ್ಲು ಹಾಕಿದವನು ಆತನೇ ಎಂದು ಆಕೆ ಮುಂದೆ ಕೃತಜ್ಞತೆಯಿಂದ ನೆನೆಯುತ್ತಿದ್ದಳು. ಅದೇ ಕಾಲದಲ್ಲಿ ಆಸ್ಟ್ರೇಲಿಯಕ್ಕೆ ಬಂದಿದ್ದ ಅಮೆರಿಕದ ನಟರು, ನಿನ್ನ ಶಕ್ತಿಗೆ ಇಲ್ಲಿನ ನೆಲ ಸಾಲದು, ನಮ್ಮ ದೇಶಕ್ಕೆ ಬಾ ಎಂದು ಹುರಿದುಂಬಿಸಿದರು. 1918ರಲ್ಲಿ ತಾಯಿಯೂ ಮಗಳೂ ಹಡಗು ಹತ್ತಿ ಕ್ಯಾಲಿಫೋರ್ನಿಯದಲ್ಲಿ ಇಳಿದರು.

ಅಲ್ಲಿ ಕಾದಿದ್ದುದು ನಿರಾಸೆ. ಹಾಲಿವುಡ್ಡಿನ ಬಾಗಿಲು ತೆರೆಯಲಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. 1918ರ ಚಲಚ್ಚಿತ್ರ ಮೂಕಚಿತ್ರ. ಅಲ್ಲಿ ತೂಗುತ್ತಿದ್ದುದು ಮುಖವೊಂದನ್ನೇ. ಈಕೆಯದೋ ಗಿಡ್ಡನೆಯ ಮೈಕಟ್ಟು, ಎದ್ದು ಕಾಣುವ ಮೂಗು, ಕಡೆದಂತೆ ಗಡುಸಾದ ಮೋರೆ. ತಾನು ಸುಂದರಿಯಲ್ಲವೆಂಬುದು ಆಕೆಗೂ ಗೊತ್ತಿತ್ತು. ಆಕೆಯ ನಿಜವಾದ ಸಿರಿ ಕಂಠ. ಅದನ್ನು ಕೇಳುವ ಕಿವಿ ಆ ಯಂತ್ರಕ್ಕೆ ಇನ್ನೂ ಮೂಡಿರಲಿಲ್ಲ. ವೀಣೆಯವನು ಚಿತ್ರಕಾರನ ಅಂಗಡಿಗೆ ಹೋಗಿ ಕೆಲಸ ಕೇಳಿದಂತಾಯಿತು.

ತಾಯಿಮಗಳು ನ್ಯೂಯಾರ್ಕಿಗೆ ಬಂದರು. ಅಲ್ಲಿಯೂ ಮೊದಲು ದೊರೆತದ್ದು ಬಡತನ, ಅದರ ಬೆನ್ನಿಗೆ ಕಾಯಿಲೆ. ಕಡೆಗೆ ಎಮ್ಮ ಬಂಟಿಂಗ್ ಎಂಬವಳ ನಾಟಕ ಮಂಡಲಿಯಲ್ಲಿ ಒಂದು ಎಡೆ ಸಿಕ್ಕಿತು. ಇಂಥ ಮಂಡಲಿಗಳ ಬದುಕನ್ನು ನಮ್ಮ ಕಂಪನಿ ನಾಟಕಗಳನ್ನು ಕಂಡವರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಈ ವಾರ ಒಂದು ನಾಟಕ, ಮುಂದಿನ ವಾರ ಇನ್ನೊಂದು. ರಾತ್ರಿ ಒಂದು ಪಾತ್ರ ಆಡಿ ಬೆಳಗ್ಗೆ ಎದ್ದು ಮತ್ತೊಂದರ ಮಾತು ಬಾಯಿಪಾಠ. ಇಂದು ಅಜ್ಜಿ, ನಾಳೆ ಕಳ್ಳಿ, ನಾಡಿದ್ದು ರಾಣಿ. ಸಂಬಳ ಅಲ್ಪ, ಅಭ್ಯಾಸ ಅಪಾರ. 1920ರಲ್ಲಿ ವಿಲಿಯಂ ಜಿಲೆಟ್ ಎಂಬ ಹೆಸರಾಂತ ನಟನೊಡನೆ ಪ್ರವಾಸ. 1922ರಲ್ಲಿ ಬ್ರಾಡ್‌ವೇಯಲ್ಲಿ ಮೊದಲ ಪಾತ್ರ. 1923ರಲ್ಲಿ ಆಕೆ ಫ್ರಾನ್ಸಿಸ್ ಎಂಬ ಹೆಸರನ್ನು ಕಳಚಿಟ್ಟು ಜೂಡಿತ್ ಎಂಬ ಹೆಸರನ್ನು ಧರಿಸಿದಳು. ಮರುವರ್ಷ, 1924ರಲ್ಲಿ, 'ಕೋಬ್ರ' ಎಂಬ ನಾಟಕದಿಂದ ಆಕೆಯ ಹೆಸರು ಊರ ಬಾಯಲ್ಲಿ ಬಿತ್ತು. ಅಡಿಲೇಡಿನ ಹುಡುಗಿ ಬ್ರಾಡ್‌ವೇಯಲ್ಲಿ ನೆಲೆ ನಿಂತಳು. 1927ರಲ್ಲಿ ತವರಿಗೆ ಮರಳಿ ಆಸ್ಟ್ರೇಲಿಯದ ನಗರಗಳಲ್ಲಿ ನಾಟಕಗಳನ್ನಾಡಿ ಬಂದಳು.

ಮುಂದಿನ ಹತ್ತು ವರ್ಷಗಳು ಕಠಿಣವಾದ ಪಾತ್ರಗಳ ಕಾಲ. ಯೂಜೀನ್ ಓನೀಲನ 'ಸ್ಟ್ರೇಂಜ್ ಇಂಟರ್‌ಲ್ಯೂಡ್' ಒಂಬತ್ತು ಅಂಕಗಳ ನಾಟಕ. ಸಂಜೆ ಶುರುವಾಗಿ, ಊಟಕ್ಕೆ ಬಿಡುವು ಕೊಟ್ಟು, ಮತ್ತೆ ರಾತ್ರಿ ಮುಂದುವರಿಯತಕ್ಕದ್ದು. ಪಾತ್ರಗಳು ಬಾಯಲ್ಲಿ ಒಂದನ್ನು ಹೇಳಿ, ಮನಸ್ಸಿನಲ್ಲಿ ಇರುವ ಇನ್ನೊಂದನ್ನು ಪ್ರೇಕ್ಷಕರಿಗೆ ಮಾತ್ರ ಕೇಳುವಂತೆ ನುಡಿಯುತ್ತವೆ. ನಮ್ಮ ಸಂಸ್ಕೃತ ನಾಟಕಗಳ 'ಸ್ವಗತ'ವೇ ಅದು, ಆದರೆ ಐದು ಗಂಟೆಗಳ ಉದ್ದಕ್ಕೂ. ಇಂಥ ನಾಟಕದ ನಾಯಿಕೆಯ ಭಾರವನ್ನು 1928ರಲ್ಲಿ ಲಿನ್ ಫಾಂಟೇನಳ ಕೈಯಿಂದ ಜೂಡಿತ್ ತೆಗೆದುಕೊಂಡಳು. 1931ರಲ್ಲಿ ಇಟಲಿಯ ಪಿರಾಂಡೆಲ್ಲೊನ ನಾಟಕ. 1932ರಲ್ಲಿ, ಗ್ರೀಕರ ಎಲೆಕ್ಟ್ರಳ ಕಥೆಯನ್ನು ಅಮೆರಿಕಕ್ಕೆ ಇಳಿಸಿದ ಓನೀಲನ ಇನ್ನೊಂದು ದೊಡ್ಡ ನಾಟಕ. ಬರಿಯ ಕ್ರೂರ ಪಾತ್ರಗಳೇ ಆಕೆಯ ಪಾಲಿಗೆ ಬಂದುವೆಂದು ತಿಳಿಯಬಾರದು. 1939ರಲ್ಲಿ 'ಫ್ಯಾಮಿಲಿ ಪೋರ್ಟ್ರೇಟ್' ಎಂಬ ನಾಟಕದಲ್ಲಿ ಏಸುವಿನ ತಾಯಿ ಮೇರಿಯ ಪಾತ್ರವನ್ನೂ ಆಕೆ ಧರಿಸಿದಳು.

ಇನ್ನು ಷೇಕ್ಸ್‌ಪಿಯರನ ಕಡೆಗೆ ಬರೋಣ. 1936ರಲ್ಲಿ ಇಂಗ್ಲೆಂಡಿನ ಜಾನ್ ಗೀಲ್‌ಗುಡ್ ನ್ಯೂಯಾರ್ಕಿನಲ್ಲಿ ಹ್ಯಾಮ್ಲೆಟ್ ಆಡಿದಾಗ ಆತನ ತಾಯಿ ಗರ್ಟ್ರೂಡ್ ರಾಣಿಯಾದವಳು ಜೂಡಿತ್. ಮರುವರ್ಷ, 1937ರಲ್ಲಿ, ಆಕೆ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರಕ್ಕೆ ಹೋದಳು. ಅಲ್ಲಿ ಮ್ಯಾಕ್‌ಬೆತ್ ನಾಟಕ. ಮ್ಯಾಕ್‌ಬೆತ್ ಆದವನು ಮೂವತ್ತು ವಯಸ್ಸಿನ ಲಾರೆನ್ಸ್ ಆಲಿವಿಯೆ; ಲೇಡಿ ಮ್ಯಾಕ್‌ಬೆತ್ ಜೂಡಿತ್ ಆಂಡರ್ಸನ್. ನಾಟಕ ಮೊದಲಾಗುವ ಹೊಸ್ತಿಲಲ್ಲೇ ಆ ರಂಗಮಂದಿರದ ತಾಯಿಯಂತಿದ್ದ ಲಿಲಿಯನ್ ಬೇಲಿಸ್ ತೀರಿಕೊಂಡಳು. ಆ ದುಃಖದ ನಡುವೆಯೂ ಪರದೆ ಮೇಲೆದ್ದಿತು.

ಮ್ಯಾಕ್‌ಬೆತ್ ನಮಗೆ ಹೊಸದಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಅದನ್ನು 'ಪ್ರತಾಪರುದ್ರದೇವ'ನಾಗಿ ಕನ್ನಡಕ್ಕೆ ತಂದು ನೂರು ವರ್ಷಕ್ಕೂ ಮೀರಿತು. ಡಿ. ವಿ. ಗುಂಡಪ್ಪನವರೂ ಅದನ್ನು ಕನ್ನಡಿಸಿದ್ದಾರೆ. ಗಂಡನನ್ನು ರಾಜಹತ್ಯೆಗೆ ನೂಕಿದ ಆ ಹೆಂಗಸು, ಕಡೆಗೆ ನಿದ್ದೆಯಲ್ಲಿ ಎದ್ದು ದೀಪ ಹಿಡಿದು ನಡೆಯುತ್ತ, ಕೈಗೆ ಅಂಟದೆ ಉಳಿದ ರಕ್ತವನ್ನು ತೊಳೆಯಲು ತವಕಿಸುವ ದೃಶ್ಯವನ್ನು ಓದಿದವರು ಮರೆಯಲಾರರು. ನಟಿಗೆ ಇದೊಂದು ಅಗ್ನಿಪರೀಕ್ಷೆ. ಕಣ್ಣು ತೆರೆದಿರಬೇಕು, ಆದರೆ ಅದು ಯಾರನ್ನೂ ಕಾಣಬಾರದು. ಸ್ವರ ಎಲ್ಲರಿಗೂ ಕೇಳಬೇಕು, ಆದರೆ ಅದು ಯಾರಿಗೂ ಹೇಳಿದ್ದಾಗಿರಬಾರದು. ಭರತಮುನಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ್ದಾನಷ್ಟೆ. ವೇಷಭೂಷಣ ಹೊರಗಿನದು, ಅಂಗಾಂಗಗಳ ಚಲನೆ ಕಲಿತರೆ ಬರುತ್ತದೆ. ಮನಸ್ಸು ಪೂರ್ತಿಯಾಗಿ ಭಾವದಲ್ಲಿ ನಿಂತಾಗ ತಾನೇ ಮೈಯಲ್ಲಿ ಮೂಡುವ ಸಾತ್ತ್ವಿಕವೇ ಎಲ್ಲಕ್ಕೂ ಮಿಗಿಲು. ಈ ದೃಶ್ಯದಲ್ಲಿ ಅದೊಂದೇ ನಟಿಗೆ ದಿಕ್ಕು.

ಜೂಡಿತ್ ಈ ಪಾತ್ರವನ್ನು ಒಮ್ಮೆ ಆಡಿ ಬಿಡಲಿಲ್ಲ. 1941ರಲ್ಲಿ ಮಾರಿಸ್ ಇವಾನ್ಸನೊಡನೆ ನ್ಯೂಯಾರ್ಕಿನಲ್ಲಿ 131 ಪ್ರದರ್ಶನಗಳು. ಯುದ್ಧಕಾಲದಲ್ಲಿ ಹವಾಯಿ ದ್ವೀಪದ ಸೈನಿಕರ ಮುಂದೆ ಇದೇ ನಾಟಕ. 1954ರಲ್ಲಿ ಟೆಲಿವಿಷನ್ನಿನಲ್ಲಿ, 1960ರಲ್ಲಿ ಮತ್ತೊಮ್ಮೆ ಸ್ಕಾಟ್ಲೆಂಡಿನ ನೆಲದಲ್ಲೇ ತೆಗೆದ ಚಿತ್ರದಲ್ಲಿ. ಒಂದೇ ಪಾತ್ರವನ್ನು ಎರಡು ಬೇರೆ ಬೇರೆ ನಿರ್ಮಾಣಗಳಲ್ಲಿ ಆಡಿ, ಎರಡಕ್ಕೂ ಟೆಲಿವಿಷನ್ನಿನ ಎಮ್ಮಿ ಪ್ರಶಸ್ತಿಯನ್ನು ಪಡೆದಳು.

ಈಗ ಮತ್ತೆ 'ರೆಬೆಕ'ಕ್ಕೆ ಬರಬಹುದು. ಆ ಚಿತ್ರದಲ್ಲಿ ಬಂಗಲೆಯ ಯಜಮಾನನ ಪಾತ್ರ ವಹಿಸಿದವನು ಯಾರು? ಅದೇ ಲಾರೆನ್ಸ್ ಆಲಿವಿಯೆ. ಮೂರು ವರ್ಷದ ಹಿಂದೆ ಲಂಡನ್ನಿನ ರಂಗದ ಮೇಲೆ ಆಕೆ ಆತನ ರಾಣಿ. ಹಾಲಿವುಡ್ಡಿನ ತೆರೆಯ ಮೇಲೆ ಆಕೆ ಆತನ ಮನೆವಾರ್ತೆಯವಳು. ರಂಗಭೂಮಿಯೂ ಚಲಚ್ಚಿತ್ರವೂ ಒಬ್ಬಳೇ ನಟಿಯನ್ನು ಹೇಗೆ ಎರಡು ಬಗೆಯಾಗಿ ತೂಗಿದವೆಂಬುದು ಇದೊಂದರಿಂದಲೇ ತಿಳಿಯುತ್ತದೆ. ಮಾತು ಬಂದ ಮೇಲೆ, 1933ರಲ್ಲಿ, ಚಲಚ್ಚಿತ್ರ ಆಕೆಯನ್ನು ಒಳಗೆ ಕರೆಯಿತು, ನಿಜ. ಆದರೆ ನಡುಮನೆಯಲ್ಲಿ ಮಣೆ ಹಾಕಲಿಲ್ಲ. ಪಡಸಾಲೆಯ ಕಂಬದ ಬಳಿ ನಿಲ್ಲಿಸಿತು. 'ರೆಬೆಕ' ಆ ವರ್ಷದ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಗಳಿಸಿತು. ಜೂಡಿತಳ ಹೆಸರು ಪೋಷಕನಟಿಯರ ಪಟ್ಟಿಗೆ ಸೇರಿತೇ ಹೊರತು ಪ್ರಶಸ್ತಿ ಆಕೆಯದಾಗಲಿಲ್ಲ.

ಆಮೇಲೆ ಬಂದ ಚಿತ್ರಗಳು ಹಲವು: 1944ರ 'ಲಾರ', 1945ರ 'ಆಂಡ್ ದೆನ್ ದೇರ್ ವೇರ್ ನನ್', 1950ರ 'ದಿ ಫ್ಯೂರೀಸ್'. 1953ರ 'ಸಲೋಮೆ'ಯಲ್ಲಿ ಹೆರೋಡಿಯಸ್ ರಾಣಿ. 1956ರ 'ದಿ ಟೆನ್ ಕಮ್ಯಾಂಡ್‌ಮೆಂಟ್ಸ್'ನಲ್ಲಿ ಮೋಸೆಸನ ಹುಟ್ಟಿನ ಗುಟ್ಟು ಬಲ್ಲ ದಾಸಿ ಮೆಮ್ನೆಟ್. 1958ರ 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್'ನಲ್ಲಿ ಮನೆಯ ಹಿರಿಯ ತಾಯಿ. ಚಿಕ್ಕ ಪಾತ್ರವೆಂದು ಆಕೆ ಯಾವುದನ್ನೂ ಚಿಕ್ಕದಾಗಿ ಆಡಲಿಲ್ಲ. ಆದರೂ ನಾಯಿಕೆಯ ಪೀಠ ಇತರರದು. ಈಕೆಯದು ಬಾಗಿಲ ಬಳಿಯ ನೆರಳು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. ನಾನು ಹೈಸ್ಕೂಲಿನ ಕನ್ನಡ ಪಂಡಿತ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುವ ಹೊಣೆ ವರ್ಷ ವರ್ಷವೂ ನನ್ನದೇ. ಬಹಳ ಹಿಂದೆ ಒಮ್ಮೆ ದ್ರೌಪದಿಯ ಪಾತ್ರಕ್ಕೆ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಲಕ್ಷಣವಾಗಿದ್ದಳು. ಇನ್ನೊಬ್ಬಳ ಮುಖ ಸಾಧಾರಣ. ಧ್ವನಿ ಮಾತ್ರ ಗಂಟೆ ಹೊಡೆದಂತೆ. ನಾನು ಮೊದಲನೆಯವಳಿಗೆ ದ್ರೌಪದಿಯ ಪಾತ್ರ ಕೊಟ್ಟೆ. ಎರಡನೆಯವಳನ್ನು ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡಲು ನಿಲ್ಲಿಸಿದೆ. ನಾಟಕದ ರಾತ್ರಿ ಸಭೆಯ ನಡುವೆ ದ್ರೌಪದಿ ಮಾತು ಮರೆತಳು. ಮರೆಯಿಂದ ಆ ಹುಡುಗಿ ಒಂದು ವಾಕ್ಯ ಎತ್ತಿಕೊಟ್ಟಳು. ಅಂಗಳದ ಕೊನೆಯ ಸಾಲಿನವರೆಗೂ ಕೇಳಿಸಿದ್ದು ಆ ವಾಕ್ಯವೇ. ಗುಜುಗುಜು ನಿಂತಿತು. ಜನ ದ್ರೌಪದಿಯನ್ನು ಬಿಟ್ಟು ಪರದೆಯ ಕಡೆ ನೋಡಿದರು. ಭರತನ ಸೂತ್ರಗಳನ್ನು ತರಗತಿಯಲ್ಲಿ ಒಪ್ಪಿಸುತ್ತಿದ್ದ ನಾನು ವಾಚಿಕವನ್ನು ಬಿಟ್ಟು ಆಹಾರ್ಯಕ್ಕೆ ಮರುಳಾಗಿದ್ದೆ. ಜೂಡಿತ್ ಆಂಡರ್ಸನಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ. ಹಾಲಿವುಡ್ಡಿನವರನ್ನು ಆಡಿಕೊಳ್ಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಇರಲಿ. ಪರದೆಯ ಮರೆಯಲ್ಲಿದ್ದವಳನ್ನು ರಂಗದ ನಡುವೆ ತಂದು ನಿಲ್ಲಿಸುವವನೊಬ್ಬ ಜೂಡಿತಳಿಗೆ ದೊರೆತ. ಆತ ಒಬ್ಬ ಕವಿ, ರಾಬಿನ್ಸನ್ ಜೆಫರ್ಸ್. ಕ್ಯಾಲಿಫೋರ್ನಿಯದ ಕಡಲ ಕರೆಯಲ್ಲಿ, ಕಾರ್ಮೆಲ್ ಎಂಬ ಊರಿನಲ್ಲಿ, ಕಡಲಂಚಿನ ಕಲ್ಲುಗಳನ್ನು ತನ್ನ ಕೈಯಿಂದಲೇ ಹೊತ್ತು ಗೋಪುರ ಕಟ್ಟಿಕೊಂಡು ಬಾಳಿದ ಏಕಾಂತವಾಸಿ. ಗ್ರೀಕ್ ಕವಿ ಯೂರಿಪಿಡೀಸನ 'ಮೀಡಿಯ' ನಾಟಕವನ್ನು ಆತ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದ. ಬರೆದದ್ದು ಜೂಡಿತ್ ಆಂಡರ್ಸನಳಿಗಾಗಿಯೇ.

ಕಥೆಯನ್ನು ಬಲ್ಲವರು ಮನ್ನಿಸಬೇಕು; ಅರಿಯದವರಿಗಾಗಿ ಎರಡು ಮಾತು. ಮೀಡಿಯ ಕಾಲ್ಕಿಸ್ ಎಂಬ ದೂರದ ನಾಡಿನ ರಾಜಕುಮಾರಿ, ಮಂತ್ರವಾದಿನಿ. ಚಿನ್ನದ ಉಣ್ಣೆಯ ತೊಗಲನ್ನು ಅರಸಿ ಬಂದ ಜೇಸನ್ ಎಂಬ ಗ್ರೀಕ್ ವೀರನಿಗೆ ಮನಸೋತು, ಅವನಿಗಾಗಿ ತಂದೆಗೆ ದ್ರೋಹ ಬಗೆದು, ತಮ್ಮನನ್ನು ಕೊಂದು, ದೇಶ ಬಿಟ್ಟು ಬಂದಳು. ಇಬ್ಬರು ಗಂಡುಮಕ್ಕಳಾದರು. ಕಾರಿಂತ್ ನಗರಕ್ಕೆ ಬಂದಮೇಲೆ ಜೇಸನ್ ಅಲ್ಲಿಯ ರಾಜನ ಮಗಳನ್ನು ಮದುವೆಯಾದ. ರಾಜ ಮೀಡಿಯಳನ್ನು ಗಡೀಪಾರು ಮಾಡಿದ. ಆಕೆ ಬೇಡಿಕೊಂಡು ಒಂದೇ ಒಂದು ದಿನದ ಗಡುವು ಪಡೆದಳು. ಆ ದಿನದಲ್ಲಿ ಮಕ್ಕಳ ಕೈಯಲ್ಲೇ ವಿಷ ಸವರಿದ ಉಡುಗೊರೆಯನ್ನು ಕಳುಹಿಸಿ ಮದುವಣಗಿತ್ತಿಯನ್ನೂ ರಾಜನನ್ನೂ ಸುಟ್ಟಳು. ಆಮೇಲೆ ಜೇಸನನ ವಂಶ ಉಳಿಯಬಾರದೆಂದು ತನ್ನ ಮಕ್ಕಳನ್ನು ತಾನೇ ಕೊಂದಳು.

ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲೀಸನ ದಾರಿ ಹಿಡಿದು 'ಅಶ್ವತ್ಥಾಮನ್' ಬರೆದು ಗ್ರೀಕರ ರುದ್ರನಾಟಕದ ರುಚಿಯನ್ನು ನಮಗೆ ತೋರಿಸಿದ್ದಾರೆ. ಮಲಗಿದ್ದ ಪಾಂಡವರ ಮಕ್ಕಳನ್ನು ಅಶ್ವತ್ಥಾಮ ಕೊಂದದ್ದನ್ನು ಓದಿಯೇ ನಾವು ಕಂಗೆಡುತ್ತೇವೆ. ಅವನು ಕೊಂದದ್ದು ಹಗೆಯ ಮಕ್ಕಳನ್ನು. ಇಲ್ಲಿ ತಾಯಿಯೇ ತನ್ನ ಮಕ್ಕಳನ್ನು ಕೊಲ್ಲುತ್ತಾಳೆ. ಕ್ರಿ. ಪೂ. 431ರಲ್ಲಿ ಅಥೆನ್ಸಿನಲ್ಲಿ ಈ ನಾಟಕ ಮೊದಲು ನಡೆದಾಗ ಸ್ಪರ್ಧೆಯಲ್ಲಿ ಇದಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಅದನ್ನು ಸಹಿಸುವುದು ಆಗಲೂ ಸುಲಭವಾಗಿದ್ದಿರಲಾರದು.

ಇಂಥ ಪಾತ್ರದಲ್ಲಿ ನಟಿಯ ಹೊಣೆ ಯಾವುದು? ರೌದ್ರವನ್ನು ತೋರಿಸುವುದಲ್ಲ, ಅದು ಕೂಗಬಲ್ಲವರಿಗೆಲ್ಲ ಬರುತ್ತದೆ. ಕೈಬಿಟ್ಟ ಗಂಡನೂ ತಾನು ಬಿಟ್ಟುಬಂದ ತವರೂ ಎರಡೂ ಇಲ್ಲದ ಪರದೇಶಿ ಹೆಂಗಸಿನ ಕರುಣೆಯನ್ನು ಆ ರೌದ್ರದ ಅಡಿಯಲ್ಲಿ ಹರಿಯಿಸುವುದು. ಕೊಲೆಗಾತಿಯನ್ನು ನೋಡಿ ಪ್ರೇಕ್ಷಕ ಹೆದರಬೇಕು. ಹೆದರಿದ ಗಳಿಗೆಯಲ್ಲೇ ಅವಳಿಗಾಗಿ ಕಣ್ಣು ಒದ್ದೆಯಾಗಬೇಕು. ತಾಯ್ನಾಡು ಬಿಟ್ಟು, ಹಡಗಿನಲ್ಲಿ ಬಂದು, ಪರಊರಿನ ಬಾಗಿಲುಗಳ ಮುಂದೆ ನಿಂತು ಬೇಡವೆನ್ನಿಸಿಕೊಂಡವಳಿಗೆ ಮೀಡಿಯಳ ಒಂಟಿತನ ಪುಸ್ತಕದಿಂದ ಕಲಿಯಬೇಕಾದದ್ದಾಗಿರಲಿಲ್ಲ ಎಂದು ನನಗೆ ತೋರುತ್ತದೆ.

1947ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ನ್ಯಾಷನಲ್ ಥಿಯೇಟರಿನಲ್ಲಿ 'ಮೀಡಿಯ' ರಂಗವೇರಿತು. ಹನ್ನೊಂದು ವರ್ಷದ ಹಿಂದೆ ಆಕೆಯ ಮಗನಾಗಿ ಹ್ಯಾಮ್ಲೆಟ್ ಆಡಿದ್ದ ಗೀಲ್‌ಗುಡ್ ನಾಟಕವನ್ನು ನಿರ್ದೇಶಿಸಿ, ತಾನೇ ಜೇಸನ್ ಆಗಿ ನಿಂತಿದ್ದ. ಆಗ ಜೂಡಿತಳಿಗೆ ಐವತ್ತು ವರ್ಷ. ನಾಯಿಕೆಯರು ತೆರೆಮರೆಗೆ ಸರಿಯುವ ವಯಸ್ಸಿನಲ್ಲಿ ಆಕೆಯ ಸೂರ್ಯ ನೆತ್ತಿಗೇರಿದ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಬ್ರೂಕ್ಸ್ ಅಟ್ಕಿನ್ಸನ್ ಮೊದಲಾದ ವಿಮರ್ಶಕರು ಮನಸಾರ ಹೊಗಳಿದರು. ಎರಡೂವರೆ ಸಾವಿರ ವರ್ಷದ ಹಿಂದಿನ ನಾಟಕವೊಂದು ವ್ಯಾಪಾರದ ಬ್ರಾಡ್‌ವೇಯಲ್ಲಿ 214 ಪ್ರದರ್ಶನಗಳನ್ನು ಕಂಡಿತು. 1948ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿ ಮೂವರು ನಟಿಯರಿಗೆ ಹಂಚಿಕೆಯಾಯಿತು. ಅವರಲ್ಲಿ ಜೂಡಿತ್ ಒಬ್ಬಳು. ಡೆಕ್ಕ ಕಂಪನಿಯವರು ಆ ನಾಟಕವನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದರು. ಮೂಗು, ಮೋರೆ, ಮೈಕಟ್ಟು ಯಾವುದೂ ಕಾಣದ ಕಪ್ಪು ತಟ್ಟೆಯ ಮೇಲೆ ಬರಿಯ ಕಂಠವೊಂದೇ ಮೀಡಿಯಳನ್ನು ನಿಲ್ಲಿಸಿತು. ಬಾನುಲಿಯ ಮುಂದೆ ಕುಳಿತು ನಾಟಕ ಕೇಳಿದ ಅಭ್ಯಾಸವುಳ್ಳ ತಮಗೆ ಇದರ ಬೆಲೆಯನ್ನು ನಾನು ಹೇಳಬೇಕೆ?

1955ರಲ್ಲಿ ಆಕೆ ಮೀಡಿಯಳನ್ನು ಆಸ್ಟ್ರೇಲಿಯಕ್ಕೆ ಕರೆತಂದಳು. ಆಗಷ್ಟೇ ಹುಟ್ಟಿದ್ದ ಎಲಿಜಬೀತನ್ ಥಿಯೇಟರ್ ಟ್ರಸ್ಟ್ ಎಂಬ ಸಂಸ್ಥೆ ಆ ಪ್ರವಾಸವನ್ನು ನಡೆಸಿತು. ಅಂಗಡಿಯವಳ ಕಿರಿಯ ಮಗಳು ನಲವತ್ತು ವರ್ಷಗಳ ಮೇಲೆ ರಾಜಕುಮಾರಿಯಾಗಿ ತವರಿನ ರಂಗವನ್ನೇರಿದಳು. 1960ರಲ್ಲಿ ಬ್ರಿಟಿಷ್ ಸರ್ಕಾರ 'ಡೇಮ್' ಪದವಿಯನ್ನಿತ್ತು ಗೌರವಿಸಿತು.

ಇಲ್ಲಿಗೆ ಚರಿತ್ರೆ ಮುಗಿದಿದ್ದರೆ ಬರಿಯ ಮಂಗಳವಾಗುತ್ತಿತ್ತು. ಆದರೆ ಕಲಾವಿದರ ಹಂಬಲ ಮಂಗಳದಲ್ಲಿ ನಿಲ್ಲುವುದಿಲ್ಲ. 1970ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಆಕೆ ಹ್ಯಾಮ್ಲೆಟ್ ಆಡಲು ಹೊರಟಳು. ತಾಯಿ ಗರ್ಟ್ರೂಡಳ ಪಾತ್ರವಲ್ಲ, ಹ್ಯಾಮ್ಲೆಟನದೇ! ಹೆಂಗಸು ಹ್ಯಾಮ್ಲೆಟ್ ಆಗುವುದು ಹೊಸತೇನಲ್ಲ. ಫ್ರಾನ್ಸಿನ ಸಾರಾ ಬರ್ನ್‌ಹಾರ್ಟ್ 1899ರಲ್ಲಿ ಆಡಿದ್ದಳು. ಮೊದಲ ಮೀಡಿಯಳನ್ನು ಅಥೆನ್ಸಿನಲ್ಲೂ ಮೊದಲ ಲೇಡಿ ಮ್ಯಾಕ್‌ಬೆತ್‌ಳನ್ನು ಲಂಡನ್ನಿನಲ್ಲೂ ಆಡಿದವರು ಗಂಡಸರೇ. ನಮ್ಮ ಕಂಪನಿಗಳಲ್ಲೂ ಬಹುಕಾಲ ಹೆಣ್ಣುಪಾತ್ರವನ್ನು ಗಂಡಸರೇ ಕಟ್ಟಿದರು. ಹಾಗಿರುವಾಗ ಹೆಂಗಸು ಗಂಡಾದರೆ ಅನ್ಯಾಯವೇನು? ಅಮೆರಿಕದ ಊರೂರುಗಳಲ್ಲಿ ಆಡಿ, 1971ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ಆಡಿದಳು. ವಿಮರ್ಶಕರು ಮೆಚ್ಚಲಿಲ್ಲ. ಪ್ರಯತ್ನ ಫಲಿಸಲಿಲ್ಲವೆಂದೇ ಬರೆದರು. ರೂಪವನ್ನು ಗೆದ್ದವಳಿಗೆ ವಯಸ್ಸನ್ನು ಗೆಲ್ಲುವುದು ಆಗಲಿಲ್ಲವೆನ್ನೋಣ. ಆದರೆ ಇಂಥ ಸೋಲು ಎಲ್ಲರಿಗೂ ದೊರೆಯತಕ್ಕದ್ದಲ್ಲ. ಬಿಲ್ಲನ್ನು ಎತ್ತಲು ಹೋದವರಿಗೆ ಮಾತ್ರ ಅದರ ಭಾರ ಗೊತ್ತು.

ಇದಾದ ಮೇಲೆ ಒಂದು ಸಂಗತಿ ನಡೆಯಿತು. ಅದಕ್ಕಾಗಿಯೇ ನಾನು ಈ ಲೇಖನವನ್ನು ಬರೆಯಬೇಕೆನಿಸಿತು. 1982ರಲ್ಲಿ ಜೆಫರ್ಸನ 'ಮೀಡಿಯ' ಮತ್ತೆ ಬ್ರಾಡ್‌ವೇಗೆ ಬಂತು. 1947ರ ಪ್ರದರ್ಶನದ ನಿರ್ಮಾಪಕರಲ್ಲಿ ಒಬ್ಬನಾಗಿದ್ದ ರಾಬರ್ಟ್ ವೈಟ್‌ಹೆಡ್ ಈಗ ನಿರ್ದೇಶಕ. ಮೀಡಿಯಳಾದವಳು ಜೋಯಿ ಕಾಲ್ಡ್‌ವೆಲ್; ಈಕೆಯೂ ಆಸ್ಟ್ರೇಲಿಯದವಳೇ, ಮೆಲ್ಬರ್ನಿನಲ್ಲಿ ಹುಟ್ಟಿದವಳು. ಆ ನಾಟಕದಲ್ಲಿ ಮೀಡಿಯಳನ್ನು ಎತ್ತಿ ಬೆಳೆಸಿದ ಮುದಿದಾದಿಯ ಪಾತ್ರವೊಂದಿದೆ. ಅದನ್ನು ವಹಿಸಿದವಳು ಎಂಬತ್ತೈದು ವರ್ಷದ ಜೂಡಿತ್ ಆಂಡರ್ಸನ್.

ಓದುಗರು ಸ್ವಲ್ಪ ಯೋಚಿಸಬೇಕು. ಮೂವತ್ತೈದು ವರ್ಷ ಮೀಡಿಯ ಎಂದರೆ ಜೂಡಿತ್, ಜೂಡಿತ್ ಎಂದರೆ ಮೀಡಿಯ ಎಂದು ಜನ ನಂಬಿದ್ದರು. ನಾಟಕದ ಒಂದೊಂದು ಮಾತೂ ಆಕೆಯ ನಾಲಗೆಯಲ್ಲಿ ನೆಲೆಸಿತ್ತು. ಈಗ ಅವೇ ಮಾತುಗಳನ್ನು ಇನ್ನೊಬ್ಬಳು ಆಡುತ್ತಿರುವಾಗ, ಬದಿಯಲ್ಲಿ ನಿಂತು ಕೇಳಬೇಕು. ಸಣ್ಣ ಮನಸ್ಸಿನವರಿಗೆ ಇದು ಸಾಧ್ಯವಿಲ್ಲ. ಆ ನಾಟಕದಲ್ಲಿ ಪರದೆ ಎದ್ದಾಗ ಮೊದಲು ಮಾತನಾಡುವವಳು ದಾದಿಯೇ. ಒಡತಿಯ ಸಂಕಟವನ್ನು ಜನರಿಗೆ ತಿಳಿಸಿ, ಕಥೆಯ ಬಾಗಿಲನ್ನು ತೆರೆದು, ಆಕೆ ಪಕ್ಕಕ್ಕೆ ಸರಿಯುತ್ತಾಳೆ. ಹಳೆಯ ಮೀಡಿಯ ಹೊಸ ಮೀಡಿಯಳಿಗೆ ಬಾಗಿಲು ತೆರೆದಳು. ಆ ವರ್ಷದ ಟೋನಿ ಪ್ರಶಸ್ತಿಗೆ ಇಬ್ಬರ ಹೆಸರೂ ಬಂದಿತ್ತು. ಪ್ರಶಸ್ತಿ ಪಡೆದವಳು ಕಾಲ್ಡ್‌ವೆಲ್.

ಚಲಚ್ಚಿತ್ರ ಆಕೆಗೆ ದಾಸಿಯ ವೇಷ ಕೊಟ್ಟದ್ದನ್ನು ಆಗಲೇ ಹೇಳಿದೆ. ಅದು ಇತರರು ಹೊರಿಸಿದ ದಾಸ್ಯ. 1982ರ ದಾದಿಯ ವೇಷ ತಾನಾಗಿ ಹೊತ್ತದ್ದು. ಅದು ದೊಡ್ಡತನ.

ಮುಂದೆಯೂ ಆಕೆ ಸುಮ್ಮನೆ ಕೂರಲಿಲ್ಲ. 1984ರಲ್ಲಿ 'ಸ್ಟಾರ್ ಟ್ರೆಕ್' ಸರಣಿಯ ಮೂರನೆಯ ಚಿತ್ರದಲ್ಲಿ ಬೇರೊಂದು ಗ್ರಹದ ಹಿರಿಯ ಪೂಜಾರಿಣಿಯಾದಳು. ಅದೇ ವರ್ಷ ಮೊದಲಾಗಿ 'ಸಾಂಟಾ ಬಾರ್ಬರ' ಎಂಬ ಟೆಲಿವಿಷನ್ ಧಾರಾವಾಹಿಯಲ್ಲೂ ಕಾಣಿಸಿಕೊಂಡಳು. ಆಕೆ ಬಾಳಿದ್ದ ಕ್ಯಾಲಿಫೋರ್ನಿಯದ ಊರಿನ ಹೆಸರೇ ಅದು. 1991ರಲ್ಲಿ ಆಸ್ಟ್ರೇಲಿಯ ತನ್ನ ಅತ್ಯುಚ್ಚ ನಾಗರಿಕ ಗೌರವಗಳಲ್ಲೊಂದಾದ 'ಕಂಪ್ಯಾನಿಯನ್ ಆಫ್ ದಿ ಆರ್ಡರ್ ಆಫ್ ಆಸ್ಟ್ರೇಲಿಯ'ವನ್ನು ಈ ಮಗಳಿಗೆ ನೀಡಿತು. 1992ರ ಜನವರಿ 3ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸಾಂಟಾ ಬಾರ್ಬರದ ಮನೆಯಲ್ಲಿ ಜೂಡಿತ್ ಆಂಡರ್ಸನ್ ಕಣ್ಣು ಮುಚ್ಚಿದಳು. ಆಕೆಗೆ ಎರಡು ಮದುವೆಗಳಾಗಿದ್ದುವು. ಎರಡೂ ಬಹುಕಾಲ ಬಾಳಲಿಲ್ಲ. ಬಾಳಿದ್ದು ರಂಗದೊಡನೆ ಆದ ಮದುವೆ.

ಇಂದು ಆಕೆಯನ್ನು ನೋಡಬೇಕೆಂದರೆ 'ರೆಬೆಕ' ಚಿತ್ರ ಉಳಿದಿದೆ. 1947ರ ಆ ರಾತ್ರಿ ಉಳಿದಿಲ್ಲ. ರಂಗಭೂಮಿಯ ರಾತ್ರಿಗಳು ಉಳಿಯುವುದಿಲ್ಲ. ಉಳಿದದ್ದು ತಟ್ಟೆಗಳ ಮೇಲಿನ ಧ್ವನಿ. ಹುಡುಗಿಯಾಗಿದ್ದಾಗ ಅಡಿಲೇಡಿನ ಒಬ್ಬ ಮೇಷ್ಟರು ತಿದ್ದಿಕೊಟ್ಟ ಧ್ವನಿ ಅದು. ಮೇಷ್ಟರ ವೃತ್ತಿಯಲ್ಲಿರುವ ನನ್ನಂಥವನಿಗೆ ಅದಕ್ಕಿಂತ ಸಮಾಧಾನದ ಮಾತು ಬೇರೆ ಯಾವುದಿದೆ? ಈಗ ವಾರ್ಷಿಕೋತ್ಸವದ ಪಾತ್ರಗಳನ್ನು ಹಂಚುವಾಗ ನಾನು ಮಕ್ಕಳಿಗೆ ಬೆನ್ನು ತಿರುಗಿಸಿ ಕುಳಿತು, ಮೊದಲು ಕಿವಿಗೊಟ್ಟು ಕೇಳುತ್ತೇನೆ. ತಿರುಗಿ ನೋಡುವುದು ಆಮೇಲೆ.